‘ಕುಸ್ತಿ’ಯನ್ನು ‘ಕುಸಿತ’ ಎಂದು ಓದಿದ ಹುಡುಗಿ: ಡಿಸ್ಲೆಕ್ಸಿಯಾ ಪಾಠದ ಟಿಪ್ಪಣಿ

ಬಿ.ಇಡಿ. ಪರೀಕ್ಷೆಗೆ ಓದುತ್ತಿರುವವರಿಗೆ, ಅದಕ್ಕಿಂತ ಹೆಚ್ಚಾಗಿ ಬೋಧನಾಭ್ಯಾಸಕ್ಕೆ ಹೊರಟವರಿಗೆ ಇದು. ವ್ಯಾಖ್ಯೆಗಳು ಪುಸ್ತಕದಲ್ಲಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಡಿಸ್ಲೆಕ್ಸಿಯಾ ಅದರೊಳಗೆ ಬರುತ್ತದೆ. ಅದು ಬುದ್ಧಿಯ ಕೊರತೆಯಲ್ಲ, ದೃಷ್ಟಿದೋಷವೂ ಅಲ್ಲ. ಮಾತಿನ ಸದ್ದುಗಳನ್ನು ಬಿಡಿಸಿ ಬರಹಕ್ಕೆ ಹೊಂದಿಸುವಲ್ಲಿ ಬರುವ ತೊಡಕು.

ಓದಿನ ಬಗ್ಗೆ ಸಂಶೋಧಿಸಿದ ಗಫ್ ಮತ್ತು ಟನ್ಮರ್ 1986ರಲ್ಲಿ ಕೊಟ್ಟ ಸೂತ್ರ: ಓದು = ಅಕ್ಷರ ಬಿಡಿಸುವುದು × ಮಾತು ಗ್ರಹಿಸುವುದು. ಇಲ್ಲಿರುವುದು ಗುಣಾಕಾರ, ಸಂಕಲನವಲ್ಲ. ಒಂದು ಸೊನ್ನೆಯಾದರೆ ಓದೇ ಸೊನ್ನೆ. ಕಥೆ ಕೇಳಿ ಎಲ್ಲ ಪ್ರಶ್ನೆಗೂ ಉತ್ತರಿಸುವ ಮಗು ಅದೇ ಕಥೆಯನ್ನು ಓದಲಾರದೆ ನಿಂತರೆ, ತೊಡಕು ಮೊದಲನೆಯದರಲ್ಲಿದೆ.

ಇಂಥ ಮಕ್ಕಳಿಗೆ ಕಲಿಸುವಾಗ ನಾನು ಎಡವಿದ್ದು ‘ಪದವನ್ನು ಸದ್ದುಗಳಾಗಿ ಒಡೆಯಿಸಿ’ ಎಂಬ ಸೂಚನೆಯಲ್ಲಿ. ‘ಅಕ್ಕ’ ಎಂಬ ಪದವನ್ನು ಬರಹದಲ್ಲಿ ಒಡೆದರೆ ಅ–ಕ್ಕ. ಬಾಯಲ್ಲಿ ಹೇಳಿ ಚಪ್ಪಾಳೆ ತಟ್ಟಿದರೆ ಅಕ್–ಕ. ಇವೆರಡೂ ಒಂದೇ ಅಲ್ಲ! ಬಿಡಿಸಿಕೊಟ್ಟದ್ದು ಛಂದಸ್ಸು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಹೈಸ್ಕೂಲಿನಲ್ಲಿ ಉರುಹೊಡೆದಿದ್ದೆವಲ್ಲ, ಅದಕ್ಕೆ ಕಾರಣ ಇದೇ: ಜೋಡಿ ವ್ಯಂಜನದ ಮೊದಲರ್ಧ ಉಚ್ಚಾರಣೆಯಲ್ಲಿ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಪ್ರಸ್ತಾರ ಹಾಕಲು ಬಂದರೆ ಚಪ್ಪಾಳೆ ಎಲ್ಲಿ ಬೀಳಬೇಕೆಂದು ಗೊತ್ತಾಗುತ್ತದೆ.

ಇನ್ನೂ ಒಂದು ಗಂಟು ಉಳಿಯುತ್ತದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ‘ಕುಸ್ತಿ’ಯನ್ನು ‘ಕುಸಿತ’ ಎಂದು ಓದಿದಳು. ಸರಿಯಾಗಿ ನೋಡು ಎಂದು ಮೂರು ಸಲ ಹೇಳಿದೆ. “ನೋಡಿಯೇ ಓದಿದೆ ಮಿಸ್” ಎಂದಳು. ನಿಜವಾಗಿಯೂ ನೋಡಿದ್ದಳು. ‘ಸ್ತಿ’ಯನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ನೋಡಿ: ಗುಡಿಸು ಇರುವುದು ಮೇಲಿನ ಸಕಾರಕ್ಕೆ, ತಕಾರ ಕೆಳಗಿನ ಒತ್ತು. ಕಂಡ ಕ್ರಮದಲ್ಲಿ ಓದಿದರೆ ಸಿ, ಆಮೇಲೆ ತ. ಉಚ್ಚಾರಣೆಯ ಕ್ರಮ ಮಾತ್ರ ಸ್, ತ್, ಇ. ಸ್ವರಚಿಹ್ನೆ ಮೇಲಿದ್ದರೂ ಅದರ ಸದ್ದು ಕೊನೆಗೆ. ನಮಗೆ ಇದು ರೂಢಿಯಾಗಿ ಕಾಣುವುದೇ ಇಲ್ಲ. ಮಗುವಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಹೀಗೆ ಮಾಡಿದೆ. ಪುಸ್ತಕ ಮುಚ್ಚಿಸಿ ಬಾಯಲ್ಲಿ ‘ಕುಸ್–ತಿ’ ಒಡೆಸಿದೆ. ಆಮೇಲೆ ರಟ್ಟಿನ ತುಂಡುಗಳಲ್ಲಿ ಸ್, ತ್, ಇ ಜೋಡಿಸಿದೆವು. ಕೊನೆಗೆ ಮರಳಿನ ತಟ್ಟೆಯಲ್ಲಿ ಬೆರಳಾಡಿಸುತ್ತ ಸದ್ದು ಹೇಳಿಸಿದೆ: ಮೇಲೆ ಸ್, ಕೆಳಗೆ ತ್, ಮತ್ತೆ ಮೇಲಕ್ಕೆ ಹೋಗಿ ಇ. ಆ ‘ಮತ್ತೆ ಮೇಲಕ್ಕೆ’ ಎಂಬುದೇ ಕೀಲಿ. ಸಜಾತೀಯ ಒತ್ತಕ್ಷರಗಳಿಂದ (ಹಕ್ಕಿ, ಬೆಲ್ಲ) ಆರಂಭಿಸಿ, ವಿಜಾತೀಯಕ್ಕೆ ಆಮೇಲೆ ಬನ್ನಿ. ‘ಸೂರ್ಯ’ದ ಅರ್ಕಾವೊತ್ತು ಇದಕ್ಕೆ ತದ್ವಿರುದ್ಧ, ಮೊದಲು ಉಚ್ಚರಿಸುವ ರ್ ಕೊನೆಯಲ್ಲಿ ಬರೆಯಲ್ಪಡುತ್ತದೆ; ಅದೇ ವಾರ ಕಲಿಸಬೇಡಿ.

ಇಂಥ ತಪ್ಪು ಕಂಡ ಕೂಡಲೇ ಡಿಸ್ಲೆಕ್ಸಿಯಾ ಎನ್ನಬಾರದು. ಕನ್ನಡದ ಅಕ್ಷರಜ್ಞಾನ ಗಟ್ಟಿಯಾಗಲು ನಾಲ್ಕನೇ ತರಗತಿಯವರೆಗೂ ಸಮಯ ಹಿಡಿಯುತ್ತದೆ ಎಂದು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ತಿಂಗಳುಗಟ್ಟಲೆ ಕಲಿಸಿದರೂ ಕದಲದಿದ್ದರೆ ತಜ್ಞರ ಬಳಿ ಕಳುಹಿಸುವುದು ನಮ್ಮ ಕೆಲಸ, ಹೆಸರಿಡುವುದು ಅವರದು. ಕಳುಹಿಸುವಾಗ ‘ಓದಲು ಬರುವುದಿಲ್ಲ’ ಎಂದು ಬರೆಯಬೇಡಿ. ಆ ಹುಡುಗಿಯ ಬಗ್ಗೆ ನಾನು ಬರೆದಿಟ್ಟದ್ದು: “ಬಾಯಲ್ಲಿ ಪದ ಒಡೆಯುತ್ತಾಳೆ. ವಿಜಾತೀಯ ಒತ್ತಕ್ಷರದಲ್ಲಿ ಗುಡಿಸನ್ನು ಮೊದಲು ಓದುತ್ತಾಳೆ. ಬೆರಳಿಟ್ಟು ತೋರಿಸಿದರೆ ತಾನೇ ತಿದ್ದಿಕೊಳ್ಳುತ್ತಾಳೆ.”