ಡೋರ್ನಹಳ್ಳಿಯ ಅಂತೋಣಿಯವರೂ ಮರುಭೂಮಿಯ ಅಂತೋಣಿಯವರೂ ಒಬ್ಬರೇನಾ?

ಓದುಗರ ಪ್ರಶ್ನೆ: ಜೂನ್ 13ರ ಹಬ್ಬಕ್ಕೆ ನಾವು ಡೋರ್ನಹಳ್ಳಿಗೆ ಹೋಗುತ್ತೇವೆ. ಆದರೆ ಜನವರಿ 17ಕ್ಕೂ ಸಂತ ಅಂತೋಣಿಯವರ ಹಬ್ಬ ಇದೆ. ಆ ಚಿತ್ರದಲ್ಲಿ ಉದ್ದ ಗಡ್ಡದ ಮುದುಕರಿದ್ದಾರೆ, ಪಕ್ಕದಲ್ಲಿ ಹಂದಿ ಇದೆ. ಇಬ್ಬರೂ ಒಬ್ಬರೇನಾ?

ಅಲ್ಲ, ಬೇರೆ ಬೇರೆ. ಮೈಸೂರು ಜಿಲ್ಲೆಯ ಡೋರ್ನಹಳ್ಳಿಯಲ್ಲಿ ನೀವು ನೋಡುವುದು ಪದುವಾದ ಸಂತ ಅಂತೋಣಿಯವರನ್ನು. ತೋಳಲ್ಲಿ ಬಾಲ ಯೇಸುವನ್ನು ಎತ್ತಿಕೊಂಡಿರುವವರು. ಅವರು ಹುಟ್ಟಿದ್ದು 1195ರಲ್ಲಿ, ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ. ತೀರಿಕೊಂಡದ್ದು 1231ರ ಜೂನ್ 13ರಂದು, ಇಟಲಿಯ ಪದುವಾದಲ್ಲಿ. ಗಡ್ಡದ ಅಂತೋಣಿಯವರು ಈಜಿಪ್ಟಿನವರು. ಅವರು ಹುಟ್ಟಿದ್ದು ಸುಮಾರು ಕ್ರಿ.ಶ. 251ರಲ್ಲಿ. ಅಂದರೆ ಒಂಬೈನೂರು ವರ್ಷಕ್ಕೂ ಜಾಸ್ತಿ ಅಂತರ.

ಆದರೂ ಇಬ್ಬರಿಗೂ ಗಟ್ಟಿಯಾದ ನಂಟಿದೆ. ಪದುವಾದ ಅಂತೋಣಿಯವರ ಮೊದಲ ಹೆಸರು ಫೆರ್ನಾಂಡೊ. 1220ರಲ್ಲಿ ಅವರು ಸಂತ ಫ್ರಾನ್ಸಿಸರ ಸನ್ಯಾಸಿಗಳ ಸಂಘವಾದ ಫ್ರಾನ್ಸಿಸ್ಕನ್ ಸಭೆಗೆ ಸೇರಿದರು. ಪೋರ್ಚುಗಲ್‌ನ ಕೊಯಿಂಬ್ರಾ ಊರಿನ ಹೊರಗೆ ಆ ಸಭೆಯವರಿದ್ದ ಪುಟ್ಟ ಆಶ್ರಮಕ್ಕೆ ಈಜಿಪ್ಟಿನ ಅಂತೋಣಿಯವರ ಹೆಸರಿತ್ತು. ಆ ಹೆಸರನ್ನೇ ಫೆರ್ನಾಂಡೊ ತಮ್ಮದಾಗಿ ಇಟ್ಟುಕೊಂಡರು. ಡೋರ್ನಹಳ್ಳಿಗೆ ಹರಕೆ ಹೊತ್ತು ಹೋಗುವವರ ಬಾಯಲ್ಲಿರುವ ಹೆಸರು ಹಾಗೆ ನೈಲ್ ನದಿಯ ದಡದಿಂದ ಬಂದದ್ದು. ಅದಕ್ಕೇ ಆ ಮೊದಲ ಅಂತೋಣಿಯವರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ.

ಅವರದು ಅನುಕೂಲಸ್ಥ ರೈತ ಕುಟುಂಬ. ಹದಿನೆಂಟು ಇಪ್ಪತ್ತರ ವಯಸ್ಸಿಗೆ ತಂದೆ ತಾಯಿ ಇಬ್ಬರೂ ಹೋದರು. ಉಳಿದದ್ದು ಒಬ್ಬಳು ಪುಟ್ಟ ತಂಗಿ ಮತ್ತು ಸುಮಾರು ಇನ್ನೂರು ಎಕರೆ ಒಳ್ಳೆಯ ಜಮೀನು. ಒಂದು ದಿನ ಚರ್ಚಿನಲ್ಲಿ ಮತ್ತಾಯನ ಶುಭಸಂದೇಶ ಓದುತ್ತಿದ್ದರು. ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಎಂದು ಯೇಸು ಶ್ರೀಮಂತ ಯುವಕನಿಗೆ ಹೇಳುವ ಭಾಗ. ಅದು ತನಗೇ ಹೇಳಿದ ಮಾತು ಅನ್ನಿಸಿತು ಅಂತೋಣಿಗೆ. ಜಮೀನನ್ನು ಊರಿನವರಿಗೆ ಬಿಟ್ಟುಕೊಟ್ಟರು, ಉಳಿದದ್ದನ್ನು ಮಾರಿ ಬಡವರಿಗೆ ಹಂಚಿದರು. ತಂಗಿಯನ್ನು ನಂಬಿಕಸ್ಥ ಕನ್ಯಾಸ್ತ್ರೀಯರ ಕೈಗೆ ಒಪ್ಪಿಸಿದರು. ಆ ಹುಡುಗಿಯ ಮನಸ್ಸಲ್ಲಿ ಏನಿತ್ತೋ, ಚರಿತ್ರೆ ಬರೆದವರು ಅದನ್ನು ಹೇಳಿಲ್ಲ. ನನಗೆ ಆ ಜಾಗದಲ್ಲಿ ಯಾವಾಗಲೂ ಮನಸ್ಸು ಕಲಕುತ್ತದೆ.

ಕ್ರೈಸ್ತರಲ್ಲಿ ಮೊಟ್ಟಮೊದಲ ಸನ್ಯಾಸಿ ಇವರೇ ಎಂದು ಹಲವರು ಬರೆಯುತ್ತಾರೆ. ಅದು ಪೂರ್ತಿ ಸರಿಯಲ್ಲ. ಊರಾಚೆ ಒಂಟಿಯಾಗಿ ತಪಸ್ಸು ಮಾಡುವವರು ಆಗಲೇ ಇದ್ದರು. ಅಂಥ ಒಬ್ಬ ಹಿರಿಯರನ್ನು ನೋಡಿಯೇ ಅಂತೋಣಿ ಕಲಿತರು. ಆದರೆ ಇವರು ಇನ್ನೂ ದೂರ, ನಡು ಮರುಭೂಮಿಗೆ ಹೋದರು. ಮೂವತ್ತೈದರ ಸುಮಾರಿಗೆ ನೈಲ್ ದಾಟಿ ಪಾಳುಬಿದ್ದ ಕೋಟೆಯೊಂದನ್ನು ಸೇರಿ, ಇಪ್ಪತ್ತು ವರ್ಷ ಅಲ್ಲೇ ಇದ್ದರು. ಕೊನೆಗೆ ಜನ ಬಾಗಿಲು ಕಿತ್ತು ಒಳಗೆ ಹೋಗಬೇಕಾಯಿತು. ಸೊರಗಿಯೂ ಇರಲಿಲ್ಲ, ಕೊಬ್ಬಿಯೂ ಇರಲಿಲ್ಲ, ಮೊದಲಿದ್ದಂತೆಯೇ ಇದ್ದರು ಎನ್ನುತ್ತದೆ ಚರಿತ್ರೆ. ಆಮೇಲೆ ಸುತ್ತಲಿನ ಬೆಟ್ಟಗಳಲ್ಲಿ ಶಿಷ್ಯರ ಗುಡಿಸಲುಗಳು ಎದ್ದವು. ಎಲ್ಲರೂ ಒಂದೇ ನಿಯಮದಡಿ ಕೂಡಿ ಬಾಳುವ ಮಠಗಳನ್ನು ಕಟ್ಟಿದವರು ಮಾತ್ರ ಪಕೋಮಿಯಸ್ ಎಂಬ ಇನ್ನೊಬ್ಬ ಈಜಿಪ್ಟಿನವರು.

ಲೋಕ ಬಿಟ್ಟು ಓಡಿಹೋದವರು ಎಂಬ ದೂರು ಅಂತೋಣಿಯವರ ಮೇಲಿದೆ. ಇದನ್ನು ನಾನು ಒಪ್ಪುವುದಿಲ್ಲ. 311ರಲ್ಲಿ ರೋಮನ್ ಚಕ್ರವರ್ತಿ ಮ್ಯಾಕ್ಸಿಮಿನಸ್ ಕ್ರೈಸ್ತರನ್ನು ಹಿಡಿದು ಕೊಲ್ಲಿಸುತ್ತಿದ್ದಾಗ ಇವರು ತಾವಾಗಿಯೇ ಅಲೆಕ್ಸಾಂಡ್ರಿಯಾಕ್ಕೆ ಬಂದರು. ಸೆರೆಮನೆಗಳಲ್ಲಿ, ಗಣಿಗಳಲ್ಲಿ ಇದ್ದವರ ಸೇವೆ ಮಾಡಿದರು. ಸನ್ಯಾಸಿಗಳು ಯಾರೂ ನ್ಯಾಯಾಲಯದ ಕಡೆ ಸುಳಿಯಬಾರದು ಎಂದು ಅಧಿಕಾರಿ ಆಜ್ಞೆ ಹೊರಡಿಸಿದ. ಉಳಿದವರು ಅಡಗಿಕೊಂಡರು. ಅಂತೋಣಿ ಮೇಲುಬಟ್ಟೆ ಒಗೆದುಕೊಂಡು, ಮರುದಿನ ಅಧಿಕಾರಿಯ ಕಣ್ಣಿಗೆ ಬೀಳುವ ಹಾಗೆ ಎತ್ತರದ ಜಾಗದಲ್ಲಿ ಹೋಗಿ ನಿಂತರು!

ಆಮೇಲೆ ಕೆಂಪು ಸಮುದ್ರದ ಕಡೆಯ ಕುಲ್ಜುಮ್ ಬೆಟ್ಟದ ಬುಡಕ್ಕೆ ಹೋದರು. ಅಲ್ಲಿಗೆ ರೊಟ್ಟಿ ಹೊತ್ತು ತರಲು ಶಿಷ್ಯರು ಪಡುತ್ತಿದ್ದ ಪಾಡು ನೋಡಲಾಗದೆ, ಗುದ್ದಲಿ ತರಿಸಿ ತಾವೇ ಕಾಳು ಬೆಳೆದರು. ದಣಿದು ಬಂದವರಿಗೆ ಬೇಕಾಗುತ್ತದೆ ಎಂದು ತರಕಾರಿ ಹಾಕಿದರು. ನೀರಿಗೆ ಬಂದ ಕಾಡುಪ್ರಾಣಿಗಳು ಬೆಳೆ ಹಾಳು ಮಾಡಿದಾಗ ಒಂದನ್ನು ಮೆಲ್ಲಗೆ ಹಿಡಿದು, ನಾನು ನಿಮಗೆ ಏನೂ ಕೇಡು ಮಾಡಿಲ್ಲವಲ್ಲ, ನೀವ್ಯಾಕೆ ಮಾಡುತ್ತೀರಿ ಅಂತ ಕೇಳಿದರಂತೆ. ಕೈಯಲ್ಲಿ ಸದಾ ಬುಟ್ಟಿ ಹೆಣೆಯುವ ಕೆಲಸ ಇರುತ್ತಿತ್ತು. ಪ್ರಾರ್ಥನೆಯೂ ದುಡಿಮೆಯೂ ಜೊತೆಜೊತೆಗೆ ಸಾಗುವ ಈ ಬದುಕೇ ಮುಂದಿನ ಮಠಗಳಿಗೆ ಅವರು ಬಿಟ್ಟುಹೋದ ದೊಡ್ಡ ಆಸ್ತಿ.

356ರಲ್ಲಿ, 105ನೇ ವಯಸ್ಸಿನಲ್ಲಿ ತೀರಿಕೊಂಡರು. ಹೂತ ಜಾಗ ಯಾರಿಗೂ ಹೇಳಬೇಡಿ ಎಂದು ಇಬ್ಬರು ಶಿಷ್ಯರಿಂದ ಮಾತು ತೆಗೆದುಕೊಂಡಿದ್ದರು. ಆದರೆ ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ಅಥನೇಸಿಯಸ್ ಕೆಲವೇ ವರ್ಷಗಳಲ್ಲಿ ಇವರ ಚರಿತ್ರೆ ಬರೆದರು. ಅದು ಲ್ಯಾಟಿನ್‌ಗೂ ಬಂದು ಯುರೋಪ್ ತುಂಬ ಹರಡಿತು. ಮುಂದೆ ದೊಡ್ಡ ಧರ್ಮಪಂಡಿತರಾದ ಸಂತ ಅಗಸ್ಟೀನರು 386ರಲ್ಲಿ ಮಿಲಾನ್‌ನಲ್ಲಿದ್ದಾಗ ಅವರ ಮನಸ್ಸು ಕ್ರೈಸ್ತ ಧರ್ಮದ ಕಡೆ ತಿರುಗಿದ್ದರಲ್ಲೂ ಅಂತೋಣಿಯವರ ಕಥೆ ಕೇಳಿದ್ದರ ಪಾಲಿದೆ.

ಇನ್ನು ಹಂದಿಯ ವಿಷಯ. ಅದಕ್ಕೂ ಮರುಭೂಮಿಗೂ ಸಂಬಂಧವಿಲ್ಲ. 11ನೇ ಶತಮಾನದ ಕೊನೆಗೆ ಫ್ರಾನ್ಸ್‌ನಲ್ಲಿ ಅಂತೋಣಿಯವರ ಹೆಸರಲ್ಲಿ ರೋಗಿಗಳ ಸೇವೆಯ ಸಭೆಯೊಂದು ಹುಟ್ಟಿತು. ಬೂಷ್ಟು ಹಿಡಿದ ರೈ ಧಾನ್ಯ ತಿಂದು ಕೈಕಾಲು ಉರಿದು ಕೊಳೆಯುವ ಕಾಯಿಲೆ ಆಗ ಜಾಸ್ತಿ ಇತ್ತು. ಅದಕ್ಕೆ ಅಂತೋಣಿಯವರ ಬೆಂಕಿ ಎಂದೇ ಹೆಸರು. ಆ ಸಭೆಯವರು ಹಂದಿ ಸಾಕುತ್ತಿದ್ದರು, ಅದರ ಕೊಬ್ಬನ್ನು ಮುಲಾಮಿಗೆ ಬಳಸುತ್ತಿದ್ದರು. ಕುತ್ತಿಗೆಗೆ ಗಂಟೆ ಕಟ್ಟಿದ ಆ ಹಂದಿಗಳಿಗೆ ಊರೊಳಗೆ ಓಡಾಡಲು ಅನುಮತಿಯಿತ್ತು. ಹಾಗೆ ಹಂದಿ ಚಿತ್ರದೊಳಗೂ ಬಂತು.

ಕುಲ್ಜುಮ್ ಬೆಟ್ಟದ ಬುಡದಲ್ಲಿ ಅವರ ಹೆಸರಿನ ಮಠ ಈಗಲೂ ನಡೆಯುತ್ತಿದೆ. ಈಜಿಪ್ಟಿನ ಪುರಾತನ ಧರ್ಮಸಭೆಯವರಾದ ಕಾಪ್ಟಿಕ್ ಕ್ರೈಸ್ತರಿಗೆ ಹಬ್ಬ ಬರುವುದು ಜನವರಿ 17ಕ್ಕಲ್ಲ, ತಿಂಗಳ ಕೊನೆಗೆ, ಸಾಮಾನ್ಯವಾಗಿ 30ಕ್ಕೆ. ಅವರ ಪಂಚಾಂಗವೇ ಬೇರೆ.