ರೇಡಿಯಂ ಡಯಲ್: ಹೊಳಪು ಆರಿದರೂ ರೇಡಿಯಂ ಆರುವುದಿಲ್ಲ

ಬೈಕಿನ ನಂಬರ್ ಪ್ಲೇಟಿಗೆ ಅಂಟಿಸುವ ಹೊಳೆಯುವ ಅಕ್ಷರಕ್ಕೆ ನಮ್ಮಲ್ಲಿ 'ರೇಡಿಯಂ' ಎನ್ನುತ್ತಾರೆ. ಅದನ್ನು ಕತ್ತರಿಸಿ ಕೊಡುವ ಅಂಗಡಿಯ ಮುಂದೆ 'ರೇಡಿಯಂ ಕಟಿಂಗ್' ಅಂತ ಬೋರ್ಡು ಇರುತ್ತದೆ. ಮಕ್ಕಳ ಕೋಣೆಯ ಚಾವಣಿಗೆ ಅಂಟಿಸುವ ನಕ್ಷತ್ರವೂ ರೇಡಿಯಮ್ಮೇ. ಇವೆರಡರಲ್ಲೂ ರೇಡಿಯಂ ಇಲ್ಲ. ನಂಬರ್ ಪ್ಲೇಟಿನ ಸ್ಟಿಕ್ಕರ್ ತನ್ನ ಮೇಲೆ ಬಿದ್ದ ಹೆಡ್‌ಲೈಟ್ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುತ್ತದೆ. ನಕ್ಷತ್ರ ಕೋಣೆಯ ಬೆಳಕನ್ನು ಹೀರಿಟ್ಟುಕೊಂಡು, ದೀಪ ಆರಿಸಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ.

ನಿಜವಾದ ರೇಡಿಯಂ ಇದ್ದದ್ದು ಹಳೇ ಕೈಗಡಿಯಾರಗಳ ಮುಖದ ಮೇಲೆ. ಅದಕ್ಕೇ 'ರೇಡಿಯಂ ಡಯಲ್' ಎಂಬ ಹೆಸರು.

1898ರಲ್ಲಿ ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ಕಂಡುಹಿಡಿದ ಲೋಹ ರೇಡಿಯಂ. ಲ್ಯಾಟಿನ್‌ನಲ್ಲಿ 'ರೇಡಿಯಸ್' ಅಂದರೆ ಕಿರಣ. ಅದರ ಪರಮಾಣುಗಳು ತಾವಾಗಿಯೇ ಒಡೆಯುತ್ತಾ ಕಣ ಮತ್ತು ಕಿರಣಗಳನ್ನು ಹೊರಗೆಸೆಯುತ್ತವೆ. ಈ ಗುಣಕ್ಕೇ ವಿಕಿರಣಶೀಲತೆ ಎನ್ನುವುದು. ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲು ರೇಡಿಯಂ ಇದ್ದರೂ ಸಾಕು, ಸೆಕೆಂಡಿಗೆ ಸುಮಾರು 37,000 ಪರಮಾಣು ಒಡೆಯುತ್ತವೆ.

ಈ ಲೋಹದ ಲವಣವನ್ನು ಒಂಚೂರು ಜಿಂಕ್ ಸಲ್ಫೈಡ್ ಪುಡಿಗೆ ಬೆರೆಸಿ ಬಣ್ಣ ಮಾಡುತ್ತಿದ್ದರು. ರೇಡಿಯಂನ ಕಣ ಬಂದು ಬಡಿದಾಗಲೆಲ್ಲ ಜಿಂಕ್ ಸಲ್ಫೈಡ್ ಮಿನುಗುತ್ತದೆ. ಬಿಸಿಲು ಬೇಡ, ಬ್ಯಾಟರಿ ಬೇಡ. ಮೊದಲ ಮಹಾಯುದ್ಧದಲ್ಲಿ ಕಂದಕದೊಳಗಿನ ಸೈನಿಕರಿಗೆ ಇಂಥ ಗಡಿಯಾರ ಎಷ್ಟು ಉಪಯೋಗವಾಗಿರಬೇಕು, ಅಲ್ವಾ?

ತುಂಬಾ ಜನ ತಪ್ಪು ತಿಳಿಯುವುದು ಇಲ್ಲೇ. ಹಳೇ ರೇಡಿಯಂ ಡಯಲ್ ಇವತ್ತು ಕತ್ತಲಲ್ಲಿ ಹೊಳೆಯುವುದಿಲ್ಲ. ಹಾಗಾಗಿ 'ಪವರ್ ಹೋಗಿದೆ, ಏನೂ ಆಗಲ್ಲ' ಎಂದುಕೊಳ್ಳುತ್ತಾರೆ. ಇದನ್ನು ತಮಟೆಯ ಹಾಗೆ ನೋಡಿ. ರೇಡಿಯಂ ಬಾರಿಸುವ ಕೈ, ಜಿಂಕ್ ಸಲ್ಫೈಡ್ ತಮಟೆಯ ಚರ್ಮ. ವರ್ಷಗಟ್ಟಲೆ ಪೆಟ್ಟು ತಿಂದು ಚರ್ಮ ಹರಿದರೆ ಸದ್ದು ನಿಲ್ಲುತ್ತದೆ. ಕೈ ಬಾರಿಸುತ್ತಲೇ ಇರುತ್ತದೆ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ನೂರು ವರ್ಷದ ಗಡಿಯಾರದಲ್ಲಿ ಇನ್ನೂ ನೂರಕ್ಕೆ 95 ಪಾಲಿಗಿಂತ ಜಾಸ್ತಿ ಉಳಿದಿರುತ್ತದೆ.

ಇದರ ಅಪಾಯ ಏನೆಂದು ಜಗತ್ತಿಗೆ ತಿಳಿದದ್ದು ಕೆಲಸಕ್ಕೆ ಹೋದ ಹುಡುಗಿಯರ ಜೀವದಿಂದ. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ ಅವರು ಡಯಲಿನ ಮೇಲೆ ಅಂಕಿ ಬರೆಯುತ್ತಿದ್ದರು. ಎಷ್ಟು ಡಯಲ್ ಮುಗಿಸಿದರೋ ಅಷ್ಟಕ್ಕೆ ಕೂಲಿ. ಕುಂಚದ ತುದಿ ಚೂಪಾಗಲಿ ಎಂದು ತುಟಿಯ ನಡುವೆ ಇಟ್ಟು ತೀಡಬೇಕಿತ್ತು. ಹಾಗೇ ಮಾಡಿ ಎಂದು ಹೇಳಿಕೊಟ್ಟಿದ್ದರು. ಏನೂ ಆಗುವುದಿಲ್ಲ ಎಂದೂ ಹೇಳಿದ್ದರು. ಪ್ರತಿ ಸಲ ಒಂದಿಷ್ಟು ರೇಡಿಯಂ ಹೊಟ್ಟೆಗೆ ಹೋಯಿತು. ದೇಹ ರೇಡಿಯಂ ಅನ್ನು ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಗೆ ಸೇರಿಸುತ್ತದೆ. ಹಲ್ಲು ಉದುರಿದವು, ದವಡೆ ಕೊಳೆಯಿತು. ಅವರಲ್ಲೊಬ್ಬಳು, 1922ರಲ್ಲಿ ತೀರಿಕೊಂಡ ಅಮೀಲಿಯಾ ಮ್ಯಾಗಿಯಾಳ ಮರಣಪತ್ರದಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಎಂದು ಬರೆದರು. ಸತ್ತವಳ ಮೇಲೆ ಹೊರಿಸಿದ ಈ ಸುಳ್ಳು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. 1927ರಲ್ಲಿ ಶವವನ್ನು ಹೊರತೆಗೆದು ಪರೀಕ್ಷಿಸಿದಾಗ ಅವಳ ಮೂಳೆಗಳಲ್ಲಿ ರೇಡಿಯಂ ಸಿಕ್ಕಿತು. ಅದೇ ವರ್ಷ, ಅಲ್ಲೇ ಕೆಲಸ ಮಾಡಿದ್ದ ಗ್ರೇಸ್ ಫ್ರೈಯರ್ ಮತ್ತು ಇನ್ನೂ ನಾಲ್ವರು ಹೆಂಗಸರು ಕಂಪನಿಯ ಮೇಲೆ ಕೇಸು ಹಾಕಿದರು. ವಕೀಲರು ಸಿಗುವುದಕ್ಕೇ ಗ್ರೇಸ್ ಎರಡು ವರ್ಷ ಅಲೆದಿದ್ದಳು. 1928ರಲ್ಲಿ ರಾಜಿಯಾಗಿ ತಲಾ 10,000 ಡಾಲರ್ ಸಿಕ್ಕಿತು.

ಮುಂದೆ 1960ರ ದಶಕದಲ್ಲಿ ರೇಡಿಯಂ ಜಾಗಕ್ಕೆ ಟ್ರಿಟಿಯಂ ಬಂತು. ಇದೂ ವಿಕಿರಣಶೀಲವೇ, ಆದರೆ ಕಿರಣ ತುಂಬಾ ದುರ್ಬಲ. ಗಾಜನ್ನೂ ದಾಟುವುದಿಲ್ಲ. ಸುಮಾರು 12 ವರ್ಷಕ್ಕೆ ಅರ್ಧವಾಗುತ್ತದೆ. ಡಯಲಿನ ಕೆಳತುದಿಯಲ್ಲಿ 'ಸ್ವಿಸ್' ಎಂಬ ಪದದ ಎರಡೂ ಬದಿಗೆ ಇಂಗ್ಲಿಷಿನ 'ಟಿ' ಅಕ್ಷರ ಇದ್ದರೆ ಅದು ಟ್ರಿಟಿಯಂ ಗುರುತು. ಈಗಿನ ಗಡಿಯಾರಗಳಲ್ಲಿ ಹೆಚ್ಚಾಗಿ ಇರುವ ಸೂಪರ್ ಲೂಮಿನೋವಾದಲ್ಲಿ ವಿಕಿರಣ ಇಲ್ಲವೇ ಇಲ್ಲ. ಅದೂ ಚಾವಣಿಯ ನಕ್ಷತ್ರದ ಹಾಗೆ ಬೆಳಕು ಹೀರಿಟ್ಟುಕೊಳ್ಳುವ ಬಣ್ಣ.

ಹಾಗಾದರೆ ಮನೆಯಲ್ಲಿ 1950ರ ಆಸುಪಾಸಿನ ಗಡಿಯಾರ ಇದ್ದು, ಅಂಕಿ ಮುಳ್ಳುಗಳ ಬಣ್ಣ ಸುಟ್ಟ ಬೆಲ್ಲದಂತಾಗಿದ್ದರೆ? ಬರೀ ಬಣ್ಣ ನೋಡಿ ಖಚಿತವಾಗಿ ಹೇಳಲಾಗದು. ವಿಕಿರಣ ಅಳೆಯುವ ಗೈಗರ್ ಕೌಂಟರ್ ಎಂಬ ಉಪಕರಣ ಹಿಡಿದರೆ ಗೊತ್ತಾಗುತ್ತದೆ. ಗಾಬರಿಯಂತೂ ಬೇಡ. ರೇಡಿಯಂನ ಆಲ್ಫಾ ಕಣಗಳನ್ನು ಗಡಿಯಾರದ ಗಾಜೇ ತಡೆಯುತ್ತದೆ. ಗಾಮಾ ಕಿರಣ ಹೊರಬರುತ್ತದೆ, ಆದರೆ ಒಂದು ಗಡಿಯಾರದಿಂದ ಬರುವುದು ಕಡಿಮೆ. ತುಂಬಾ ಗಡಿಯಾರ ಕೂಡಿಟ್ಟವರು ಮಲಗುವ ಕೋಣೆಯಲ್ಲಿ ಇಡಬಾರದು. ಗಾಳಿ ಆಡುವ ಜಾಗ ನೋಡಬೇಕು. ರೇಡಿಯಂ ಒಡೆದು ರೇಡಾನ್ ಎಂಬ ಅನಿಲ ಹುಟ್ಟುತ್ತದೆ, ಅದು ಮುಚ್ಚಿದ ಕಪಾಟಿನಲ್ಲಿ ತುಂಬಿಕೊಳ್ಳುತ್ತದೆ.

ಗಡಿಯಾರವನ್ನು ಬಿಚ್ಚುವುದು ಮಾತ್ರ ಬೇಡವೇ ಬೇಡ. ಹಳೇ ಬಣ್ಣ ಪುಡಿಪುಡಿಯಾಗಿ ಉದುರುತ್ತದೆ. ಆ ಪುಡಿ ಉಸಿರಿನಲ್ಲೋ ಬೆರಳಿನಿಂದ ಬಾಯಿಗೋ ಹೋದರೆ ಆ ಹುಡುಗಿಯರ ದೇಹ ಹೊಕ್ಕ ದಾರಿಯಲ್ಲೇ ನಮ್ಮೊಳಗೂ ಹೋಗುತ್ತದೆ. ರಿಪೇರಿಗೆ ಕೊಡುವುದಾದರೆ 'ಇದು ರೇಡಿಯಂ ಡಯಲ್ ಇರಬಹುದು' ಎಂದು ಮೊದಲೇ ಹೇಳಿ. ಧೂಳು ಹೋಗಲೆಂದು ಬಾಯಿಂದ ಊದುವ ಅಭ್ಯಾಸ ಬಹಳ ಜನಕ್ಕೆ ಇದೆ. ಊದಬೇಡಿ ಎಂದೂ ಹೇಳಿ.