‘ಒಮ್ಮೆ ರೊಕ್ಕ ಕೊಟ್ರ ವೆಬ್‌ಸೈಟ್ ಲೈಫ್‌ಟೈಮ್ ಇರ್ತದಲ್ರೀ?’

ಪ್ರಶ್ನೆ: ಕಲಬುರಗಿಯೊಳಗ ನಮ್ದು ತೊಗರಿಬ್ಯಾಳಿ ವ್ಯಾಪಾರ ಅದರೀ. ವೆಬ್‌ಸೈಟಿಗೆ ವಿಕ್ಸ್ ಛಲೋನೋ, ವರ್ಡ್‌ಪ್ರೆಸ್ ಛಲೋನೋ? ಒಬ್ರು ಒಮ್ಮೆ ಎಂಟು ಸಾವಿರ ಕೊಟ್ರ ಲೈಫ್‌ಟೈಮ್ ಅಂತಾರ. ಕೊಡ್ಲೇನ್ರೀ?

ಉತ್ತರ: ಕೊಡಬೇಡಿ. ಬೀದರಿನ ಬಿದರಿ ಅಂಗಡಿಯವರು, ಶಹಾಪುರದ ಗೊಬ್ಬರದ ಅಂಗಡಿಯವರು ಕೇಳುವುದೂ ಇದನ್ನೇ. ಎಲ್ಲರ ತಲೆಬಿಸಿ ವಿಕ್ಸೋ ವರ್ಡ್‌ಪ್ರೆಸ್ಸೋ ಎಂಬುದು. ರೊಕ್ಕ ಮುಳುಗುವುದು ಮಾತ್ರ ಆ ‘ಲೈಫ್‌ಟೈಮ್’ನಲ್ಲಿ. ಯಾರ ಲೈಫು ಅಂತ ಒಮ್ಮೆ ಕೇಳಿ ನೋಡಿ.

ಮೊದಲು ಇಷ್ಟು ತಿಳಿದಿರಲಿ: ಡೊಮೇನ್ ಅಂದರೆ ಹೆಸರು, ಹೋಸ್ಟಿಂಗ್ ಅಂದರೆ ಫೈಲುಗಳು ಕೂಡುವ ಜಾಗ, ಬಿಲ್ಡರ್ ಅಂದರೆ ವಿಕ್ಸ್, ವರ್ಡ್‌ಪ್ರೆಸ್‌ನಂಥ ಪುಟ ಕಟ್ಟುವ ಸಲಕರಣೆ. ಮೂರೂ ಬೇರೆ ಬೇರೆ, ಹೆಸರು ಮತ್ತು ಜಾಗ ಎರಡೂ ಬಾಡಿಗೆಯವು. ಡಾಟ್ ಕಾಮ್ ಆಗಲಿ ಡಾಟ್ ಇನ್ ಆಗಲಿ, ಹೆಸರನ್ನು ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ನೋಂದಾಯಿಸಬಹುದು. ಆಚೆಗಿನದನ್ನು ಮಾರುವ ಅಧಿಕಾರ ಯಾರಿಗೂ ಇಲ್ಲ. ಟ್ರೇಡ್ ಲೈಸೆನ್ಸ್ ನವೀಕರಿಸುವವರಿಗೆ ಇದು ಹೊಸ ಸಂಗತಿಯೇ?

ಡಾಟ್ ಕಾಮ್ ಅವಧಿ ಮುಗಿದರೆ ಸಾಮಾನ್ಯವಾಗಿ ಕೆಲವು ವಾರ ಮಾಮೂಲಿ ದರದಲ್ಲೇ ನವೀಕರಿಸಬಹುದು. ಆಮೇಲೆ 30 ದಿನ ದುಬಾರಿ ದಂಡ ಕಟ್ಟಿ ಬಿಡಿಸಿಕೊಳ್ಳುವ ಕಾಲ, ಕೊನೆಗೆ 5 ದಿನ ಅದೂ ಇಲ್ಲ. ಅಲ್ಲಿಗೆ ನಿಮ್ಮ ಹೆಸರು ಯಾರು ಬೇಕಾದರೂ ಕೊಳ್ಳುವ ಮಾಲು. ಎಚ್ಚರಿಕೆಯ ಮೇಲ್‌ಗಳು ಬರುತ್ತವೆ, ಆದರೆ ಬರುವುದು ನೋಂದಾಯಿಸಿದ ಇಮೇಲಿಗೆ. ಅದು ಸೈಟ್ ಮಾಡಿಕೊಟ್ಟವರದ್ದಾಗಿದ್ದು, ಅವರು ಧಂಧೆ ಬಿಟ್ಟು ಪುಣೆಗೋ ಹೈದರಾಬಾದಿಗೋ ಹೋಗಿದ್ದರೆ ನಿಮಗೆ ಸುದ್ದಿಯೇ ಮುಟ್ಟುವುದಿಲ್ಲ.

ಅದಕ್ಕೇ ಡೊಮೇನನ್ನು ನಿಮ್ಮ ಇಮೇಲ್, ನಿಮ್ಮ ಮೊಬೈಲ್ ನಂಬರ್ ಹಾಕಿ ನೀವೇ ಕೊಳ್ಳಿ. ಕೊಂಡ ಮೇಲೆ ಬರುವ ಪರಿಶೀಲನೆಯ ಲಿಂಕನ್ನು 15 ದಿನದೊಳಗೆ ಒತ್ತದಿದ್ದರೆ ಡಾಟ್ ಕಾಮ್ ಹೆಸರು ತಡೆಹಿಡಿಯಲ್ಪಡಬಹುದು. ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ದರ ಕೇಳುವಾಗ ಮೊದಲ ವರ್ಷದ್ದಲ್ಲ, ಎರಡನೇ ವರ್ಷದ್ದು ಕೇಳಿ. ಆಫರ್ ಮುಗಿದ ಮೇಲಿನ ದರವೇ ನಿಜವಾದ ದರ.

ಫ್ರೀ ಅನ್ನುವುದೂ ಆ ‘ಲೈಫ್‌ಟೈಮ್’ನ ತಮ್ಮನೇ. ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ (ಹುಡುಕಾಟದಲ್ಲಿ, ನಕ್ಷೆಯಲ್ಲಿ ಅಂಗಡಿಯ ವಿವರ ತೋರಿಸುವ ಪುಟ) ಜತೆ ಪುಕ್ಕಟೆ ಕೊಡುತ್ತಿದ್ದ ವೆಬ್‌ಸೈಟ್‌ಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ್ದವರ ಕಾರ್ಡೆಲ್ಲ ರದ್ದಿ. ಸ್ವಂತ ಡೊಮೇನ್ ಇದ್ದವರು ಅದೇ ಹೆಸರನ್ನು ಬೇರೆ ಸೈಟಿಗೆ ತಿರುಗಿಸಿಕೊಂಡರೆ ಸಾಕಿತ್ತು.

ಈಗ ಆಯ್ಕೆ. ಎರಡು ಪುಟ, ಫೋನ್ ನಂಬರ್, ನಕ್ಷೆ ಸಾಕೆಂದರೆ ಗೂಗಲ್ ಸೈಟ್ಸ್‌ಗೆ ನಿಮ್ಮ ಡೊಮೇನ್ ಜೋಡಿಸಿ. ಮುಚ್ಚಿದ್ದು ಇದಲ್ಲ, ಇದು ಗೂಗಲ್‌ನದೇ ಬೇರೆ ಬಿಲ್ಡರ್. ವಿಕ್ಸ್ ಸುಲಭ, ಆದರೆ ಸ್ವಂತ ಡೊಮೇನ್ ಜೋಡಿಸಲು ದುಡ್ಡಿನ ಪ್ಲಾನ್ ಬೇಕು. ಅಲ್ಲಿ ಕಟ್ಟಿದ ಸೈಟನ್ನು ಎತ್ತಿ ಬೇರೆ ಹೋಸ್ಟಿಂಗಿಗೆ ಇಡಲಾಗದು. ವರ್ಡ್‌ಪ್ರೆಸ್ ಎಲ್ಲಿಗಾದರೂ ಒಯ್ಯಬಹುದು, ಆದರೆ ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚುವರಿ ಸಲಕರಣೆ) ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಲು ಒಬ್ಬರು ಬೇಕು. ಬೇಳೆಯನ್ನು ಪಾರ್ಸೆಲ್ ಕಳಿಸಿ ಮಾರುವುದಿದ್ದರೆ ಆನ್‌ಲೈನ್ ಅಂಗಡಿ ಕಟ್ಟುವ ಶಾಪಿಫೈ. ತಿಂಗಳ ಬಾಡಿಗೆ ನಿಮ್ಮ ಲಾಭದಲ್ಲಿ ಹೊಂದುತ್ತದೆಯೇ ಎಂದು ಮೊದಲು ಲೆಕ್ಕ ಹಾಕಿ. ಯಾವುದೇ ಇರಲಿ, ಪುಟದಲ್ಲಿ ಕಲಬುರಗಿ, ಗುಲ್ಬರ್ಗಾ ಎರಡನ್ನೂ ಬರೆಯಿರಿ. ಊರಿನ ಹೆಸರು 2014ರ ನವೆಂಬರ್ 1ಕ್ಕೆ ಬದಲಾಯಿತು ನಿಜ, ಹೊರಗಿನವರು ಇನ್ನೂ ಹಳೆಯದನ್ನೇ ಹುಡುಕುತ್ತಾರೆ. 2019ರಲ್ಲಿ ಜಿಐ ಟ್ಯಾಗ್ (ಊರಿನ ವಿಶೇಷ ಮಾಲಿಗೆ ಕೊಡುವ ಗುರುತು) ಸಿಕ್ಕದ್ದೂ ‘ಗುಲ್ಬರ್ಗಾ ತೊಗರಿಬೇಳೆ’ಗೇ.

ನೀವು ಕೇಳಲಿಲ್ಲ, ಆದರೂ ಮುಂದಿನ ತಕರಾರು ಇದೇ ಆಗಿರುತ್ತದೆ: ‘ಕನ್ನಡ ಹಾಕಿದ್ರ ಏನೇನೋ ಇಂಗ್ಲಿಷ್ ಅಕ್ಷರ ಬರ್ತಾವರೀ.’ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ಪೇಸ್ಟ್ ಮಾಡಿರುತ್ತೀರಿ. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚುತ್ತದೆ. ಮೊದಲು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಸಂಕೇತವಿರುವ ಪದ್ಧತಿಗೆ, ಪರಿವರ್ತಿಸಿಕೊಳ್ಳಿ. ಬಿಲ್ಡರಿನ ಟೆಂಪ್ಲೇಟಿನಲ್ಲಿ (ಸಿದ್ಧ ವಿನ್ಯಾಸದಲ್ಲಿ) ಬರುವ ಚೆಂದದ ಫಾಂಟುಗಳಲ್ಲಿ ಬಹುಪಾಲಿಗೆ ಕನ್ನಡವೇ ಇಲ್ಲ, ಹಾಗಾಗಿ ನೋಟೋ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ 2 ಆರಿಸಿ. ಅಕ್ಷರಗಳ ನಡುವಿನ ಅಂತರ ಸೊನ್ನೆ, ಸಾಲುಗಳ ಅಂತರ 1.6 ಇರಲಿ. ‘ರಾಷ್ಟ್ರ’ ಎಂದು ಬರೆದು ಫೋನಿನಲ್ಲಿ ತೆರೆದು ನೋಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ಅಂತರವನ್ನು 1.8ಕ್ಕೆ ಏರಿಸಿ.